ಹೆಸರು ಕೇಳಿದವರಿಗೆ ಸಿಕ್ಕ ಉತ್ತರ

"ಹೆಸರು ಕೊಡಬಲ್ಲೆ ಸರ್. ಆದರೆ ಇವತ್ತು ಕೊಟ್ಟರೆ ಮುಂದಿನ ಸಲ ನಮಗೆ ಯಾರೂ ಫೋನ್ ಮಾಡುವುದಿಲ್ಲ. ಅದಕ್ಕೆ ನೀವು ಸಿದ್ಧರಿದ್ದರೆ ಹೇಳಿ."

ಈ ವಾರದ ಪರಿಶೀಲನಾ ಸಭೆಯಲ್ಲಿ ನಮ್ಮ ಮಾಹಿತಿ ಸುರಕ್ಷತಾ ಮುಖ್ಯಸ್ಥೆ ಇಷ್ಟನ್ನು ದನಿ ಏರಿಸದೆ ಹೇಳಿದರು. ಹಣಕಾಸು ನಿರ್ದೇಶಕರು ಕೇಳಿದ್ದು ಒಂದೇ ಪ್ರಶ್ನೆ: "ಆ ಲಿಂಕ್ ಒತ್ತಿದವರು ಯಾರು?" ಅಂದಿನಿಂದ ಆ ಪ್ರಶ್ನೆಯೂ ಈ ಉತ್ತರವೂ ನನ್ನನ್ನು ಬಿಟ್ಟಿಲ್ಲ.

ಲೆಕ್ಕಪತ್ರ ವಿಭಾಗದ ಸಹೋದ್ಯೋಗಿಯೊಬ್ಬರಿಗೆ ಪರಿಚಿತ ಸರಬರಾಜುದಾರರ ಹೆಸರಿನಲ್ಲಿ ಬಂದ ಇಮೇಲಿನ ಲಿಂಕ್ ತೆರೆದಾಗ, ನಮ್ಮದೇ ಲಾಗಿನ್ ಪುಟವನ್ನು ಹೋಲುವ ಪುಟ ಕಾಣಿಸಿತ್ತು. ಪಾಸ್‌ವರ್ಡ್ ಕೊಟ್ಟ ಸ್ವಲ್ಪ ಹೊತ್ತಿಗೇ ಅನುಮಾನ ಬಂದು ಅವರು ನಮಗೆ ಫೋನ್ ಮಾಡಿದರು. ಕರೆ ತೆಗೆದುಕೊಂಡವರು ಮುಖ್ಯಸ್ಥೆಯೇ. "ತಕ್ಷಣ ಹೇಳಿದ್ದು ಒಳ್ಳೆಯದಾಯಿತು. ಗಾಬರಿಯಾಗಬೇಡಿ. ಪಾಸ್‌ವರ್ಡ್ ಕೊಟ್ಟ ಮೇಲೆ ಪರದೆಯ ಮೇಲೆ ಏನೇನು ಬಂತು, ನಿಧಾನವಾಗಿ ಹೇಳಿ" ಎಂದರು. ಆ ಕಡೆಯಿಂದ ಕೆಲ ಕ್ಷಣ ಮಾತಿಲ್ಲ. ಆಮೇಲೆ, "ಮೇಡಂ, ಒಟಿಪಿ ಕೂಡ ಕೇಳಿತು. ಅದನ್ನೂ ಕೊಟ್ಟುಬಿಟ್ಟೆ."

ಆ ಕೊನೆಯ ಮಾತು ಬಾರದೇ ಹೋಗಿದ್ದರೆ ನಾವು ಪಾಸ್‌ವರ್ಡ್ ಬದಲಿಸಿ ಸುಮ್ಮನಾಗುವ ಸಾಧ್ಯತೆ ಇತ್ತು. ಈಗಿನ ಫಿಶಿಂಗ್ ಪುಟಗಳು, ಅಂದರೆ ಮಾಹಿತಿ ಕದಿಯಲೆಂದೇ ಕಟ್ಟಿದ ನಕಲಿ ಪುಟಗಳು, ಪಾಸ್‌ವರ್ಡನ್ನು ಮಾತ್ರ ಕದಿಯುವುದಿಲ್ಲ. ನೌಕರನಿಗೂ ನಿಜವಾದ ಜಾಲತಾಣಕ್ಕೂ ನಡುವೆ ನಿಂತು, ಒಟಿಪಿಯನ್ನು ಆಗಿಂದಾಗಲೇ ದಾಟಿಸಿ, ಲಾಗಿನ್ ಆದ ನಂತರ ಸಿಗುವ ಸೆಷನ್ ಟೋಕನ್ನನ್ನೇ, ಅಂದರೆ ಮತ್ತೆ ಪಾಸ್‌ವರ್ಡ್ ಕೇಳದೆ ಒಳಗಿರಲು ಬಿಡುವ ಗುರುತುಚೀಟಿಯನ್ನೇ, ಎತ್ತಿಕೊಳ್ಳುತ್ತವೆ. ಬೀಗ ಬದಲಿಸಿದ ಮಾತ್ರಕ್ಕೆ ಆಗಲೇ ಒಳಹೊಕ್ಕವನು ಹೊರಗೆ ಹೋಗುವುದಿಲ್ಲ. ಆದ್ದರಿಂದ ಆ ಖಾತೆಯ ಸೆಷನ್‌ಗಳೆಲ್ಲವನ್ನೂ ರದ್ದುಪಡಿಸಿ, ಇಮೇಲ್ ಪೆಟ್ಟಿಗೆಯ ನಿಯಮಗಳನ್ನು ತೆರೆದು ನೋಡಿದೆವು. 'ಇನ್‌ವಾಯ್ಸ್' ಎಂಬ ಪದವಿರುವ ಪತ್ರಗಳು ಬಂದ ಕೂಡಲೇ ಯಾರೂ ತೆರೆಯದ ಫೋಲ್ಡರಿಗೆ ಸರಿದುಹೋಗುವಂತೆ ಹೊಸ ನಿಯಮವೊಂದು ಅಲ್ಲಿ ಆಗಲೇ ಕುಳಿತಿತ್ತು. ಸರಬರಾಜುದಾರರ ಬ್ಯಾಂಕ್ ಖಾತೆ ಸಂಖ್ಯೆಯನ್ನು ಬದಲಿಸಿ ಹಣವನ್ನು ಬೇರೆಡೆಗೆ ತಿರುಗಿಸುವ ವಂಚನೆಗೆ ಇದೇ ಪೂರ್ವಸಿದ್ಧತೆ. ನಮ್ಮಲ್ಲಿ ಹಣ ಹೋಗಲಿಲ್ಲ. ಅದನ್ನು ಉಳಿಸಿದ್ದು ಯಾವ ಉಪಕರಣವೂ ಅಲ್ಲ, ಹೆದರದೆ ಬಂದ ಆ ಒಂದು ವಾಕ್ಯ.

ಹಣಕಾಸು ನಿರ್ದೇಶಕರು ಕೆಟ್ಟವರಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಪ್ರತಿಯೊಂದು ನಷ್ಟಕ್ಕೂ ಒಂದು ಖಾತೆ, ಪ್ರತಿ ಖಾತೆಗೂ ಒಬ್ಬ ಜವಾಬ್ದಾರ ಎಂಬ ಶಿಸ್ತಿನಲ್ಲಿ ಬೆಳೆದವರು ಅವರು. ನನಗೆ ಹೆಚ್ಚು ಬೇಸರ ತರಿಸಿದ್ದು ಅವರ ಪ್ರಶ್ನೆ ಕೇಳಿ ಮುಗುಳ್ನಕ್ಕ ನಮ್ಮದೇ ಕ್ಷೇತ್ರದ ಒಬ್ಬಿಬ್ಬರು. ದಿನವೂ ನೂರಾರು ಲಗತ್ತುಗಳನ್ನು ತೆರೆಯುವುದೇ ಉದ್ಯೋಗವಾದವರನ್ನು ಲಿಂಕ್ ತೆರೆದದ್ದಕ್ಕೆ ದಡ್ಡರೆನ್ನುವುದು ಅನ್ಯಾಯ.

ಒಬ್ಬರ ಹೆಸರು ಸಿಕ್ಕೊಡನೆ ತನಿಖೆ ಮುಗಿಯಿತೆಂದು ಭಾವಿಸುವ ರೂಢಿ ಹಳೆಯದು. 2017ರಲ್ಲಿ ಜನರ ಸಾಲದ ವಿವರಗಳನ್ನಿಡುವ ಅಮೆರಿಕದ ಇಕ್ವಿಫ್ಯಾಕ್ಸ್ ಸಂಸ್ಥೆಯಿಂದ ಸುಮಾರು 14.7 ಕೋಟಿ ಜನರ ಮಾಹಿತಿ ಸೋರಿಹೋದಾಗ, ಅದರ ಮಾಜಿ ಮುಖ್ಯ ಕಾರ್ಯನಿರ್ವಾಹಕರು ಅಮೆರಿಕದ ಸಂಸತ್ತಿನ ಮುಂದೆ, ಅಪಾಚೆ ಸ್ಟ್ರಟ್ಸ್ ತಂತ್ರಾಂಶದ ಪ್ಯಾಚ್ (ದೋಷ ಸರಿಪಡಿಸುವ ತಿದ್ದುಪಡಿ) ಕುರಿತು ಮುಂದಕ್ಕೆ ತಿಳಿಸಬೇಕಿದ್ದ ಒಬ್ಬ ನೌಕರ ತಿಳಿಸಲಿಲ್ಲ ಎಂಬ ಅರ್ಥದ ಮಾತಾಡಿದರು. ಆದರೆ ಜಾಲದ ಸಂಚಾರವನ್ನು ತಪಾಸಿಸಬೇಕಿದ್ದ ಉಪಕರಣದ ಡಿಜಿಟಲ್ ಪ್ರಮಾಣಪತ್ರ ತಿಂಗಳುಗಟ್ಟಲೆ ಹಿಂದೆಯೇ ಅವಧಿ ಮೀರಿ, ತಪಾಸಣೆ ನಿಂತುಹೋಗಿತ್ತು. ಹಾಗಾಗಿ ಕಳ್ಳತನ ಕಣ್ಣಿಗೇ ಬಿದ್ದಿರಲಿಲ್ಲ. ಈ ಲೋಪವನ್ನೂ ಆ ಒಬ್ಬ ನೌಕರನ ಮೇಲೆ ಹೊರಿಸಲಾಗದು.

ನಮ್ಮ ಮುಖ್ಯಸ್ಥೆಯ ಉತ್ತರ ಅವರು ನಡೆದುಬಂದ ದಾರಿಯಲ್ಲೇ ಹುಟ್ಟಿದ್ದೆಂದು ನಾನು ನಂಬಿದ್ದೇನೆ. ಅವರು ವೃತ್ತಿ ಆರಂಭಿಸಿದ್ದು ಹೆಲ್ಪ್‌ಡೆಸ್ಕಿನಲ್ಲಿ, ಪಾಸ್‌ವರ್ಡ್ ಮರೆತು ಸಂಕೋಚದಿಂದ ಕರೆ ಮಾಡುವವರ ದನಿಗಳನ್ನು ಕೇಳುತ್ತಾ. ಆಮೇಲೆ ಸರ್ವರ್ ನಿರ್ವಹಣೆಗೆ ಹೋದರು, ಅಲ್ಲಿಂದ ಆಡಿಟ್‌ಗೆ, ಕೊನೆಗೆ ಸುರಕ್ಷತೆಗೆ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಕುತಂತ್ರಾಂಶ 2017ರ ಮೇ ತಿಂಗಳಲ್ಲಿ ಜಗತ್ತನ್ನೆಲ್ಲ ಕಾಡಿದಾಗ, ಅದನ್ನು ತಡೆಯಬಲ್ಲ ಪ್ಯಾಚನ್ನು ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲೇ ಬಿಡುಗಡೆ ಮಾಡಿತ್ತು. "ಎರಡು ತಿಂಗಳು ಏನು ಮಾಡುತ್ತಿದ್ದರು?" ಎಂದು ಕೇಳುವವರು ಬಹಳ. ಪ್ಯಾಚ್ ಹಾಕಲು ಸರ್ವರ್ ನಿಲ್ಲಿಸಬೇಕು, ನಿಲ್ಲಿಸಲು ವ್ಯಾಪಾರ ವಿಭಾಗ ಒಪ್ಪಬೇಕು, ಒಪ್ಪಿಗೆಗಾಗಿ ವಾರಗಟ್ಟಲೆ ಕಾಯಬೇಕು ಎಂಬುದು ಸರ್ವರ್‌ಗಳ ಮುಂದೆ ರಾತ್ರಿ ಕಳೆದವರಿಗೆ ಗೊತ್ತು. ನೇರವಾಗಿ ನೀತಿ ದಸ್ತಾವೇಜುಗಳಿಂದಲೇ ಈ ಹುದ್ದೆಗೆ ಬಂದವರಲ್ಲಿ ಈ ತಿಳಿವಳಿಕೆ ನನಗೆ ಅಷ್ಟಾಗಿ ಕಂಡಿಲ್ಲ.

ಈ ಹುದ್ದೆಯೇ ಹುಟ್ಟಿದ್ದು ಒಂದು ಕಳವಿನ ನಂತರ. 1994ರಲ್ಲಿ ಸಿಟಿಬ್ಯಾಂಕಿನ ಗಣಕಗಳಿಗೆ ನುಗ್ಗಿ ಸುಮಾರು ಒಂದು ಕೋಟಿ ಡಾಲರ್ ವರ್ಗಾಯಿಸಿದ ಪ್ರಕರಣದ ಬೆನ್ನಿಗೆ ಸ್ಟೀವ್ ಕ್ಯಾಟ್ಜ್ ಅವರು ಆ ಸಂಸ್ಥೆಯ ಮಾಹಿತಿ ಸುರಕ್ಷತಾ ಮುಖ್ಯಸ್ಥರಾದರು. ಜಗತ್ತಿನ ಮೊದಲ ಸಿಐಎಸ್ಒ (ಮಾಹಿತಿ ಸುರಕ್ಷತಾ ಮುಖ್ಯಸ್ಥ) ಎಂದು ಅವರನ್ನೇ ಗುರುತಿಸುತ್ತಾರೆ. ಆಗಿನಿಂದ ಈ ಕುರ್ಚಿಯ ಭಾರ ಹೆಚ್ಚುತ್ತಲೇ ಬಂದಿದೆ. ಊಬರ್‌ನ 2016ರ ಸೋರಿಕೆಯನ್ನು ಸರ್ಕಾರಿ ತನಿಖೆಯಿಂದ ಮುಚ್ಚಿಟ್ಟದ್ದಕ್ಕಾಗಿ ಅದರ ಸುರಕ್ಷತಾ ಮುಖ್ಯಸ್ಥರಾಗಿದ್ದ ಜೋ ಸಲಿವನ್ 2022ರಲ್ಲಿ ಅಪರಾಧಿ ಎನಿಸಿಕೊಂಡರು. ಮುಚ್ಚಿಡುವುದು ಇಷ್ಟು ದೊಡ್ಡ ಅಪರಾಧವೆಂದು ಮುಖ್ಯಸ್ಥರಿಗೆ ನ್ಯಾಯಾಲಯ ಹೇಳುತ್ತಿರುವಾಗ, ಕೆಳಗಿನವರು ಮಾತ್ರ ಮುಚ್ಚಿಟ್ಟರೇ ಕ್ಷೇಮವೆಂದುಕೊಳ್ಳುವ ವಾತಾವರಣವನ್ನು ಕಚೇರಿಯೊಳಗೆ ಬೆಳೆಸುವುದು ಎಂಥ ವಿಪರ್ಯಾಸ! ಬೇಕೆಂದೇ ನಿಯಮ ಮುರಿದವನ ಹೆಸರು ಬೇರೆ, ವಂಚನೆಗೆ ಒಳಗಾಗಿ ತಾನಾಗಿಯೇ ಬಂದು ಹೇಳಿದವರ ಹೆಸರು ಬೇರೆ. ಮೊದಲನೆಯದನ್ನು ನಮ್ಮ ಮುಖ್ಯಸ್ಥೆ ಯಾರಿಂದಲೂ ಮರೆಮಾಡಿದ್ದನ್ನು ನಾನು ಕಂಡಿಲ್ಲ.

ಸಭೆಯಲ್ಲಿ ನಿರ್ದೇಶಕರು ಸ್ವಲ್ಪ ಯೋಚಿಸಿ, "ಹಾಗಾದರೆ ನಾನು ಏನು ಕೇಳಬೇಕಿತ್ತು?" ಎಂದರು. ಅವರ ಮೇಲಿನ ನನ್ನ ಗೌರವ ಹೆಚ್ಚಿದ್ದು ಆ ಗಳಿಗೆಯಲ್ಲಿ. ಒತ್ತಿದ್ದಕ್ಕೂ ತಿಳಿಸಿದ್ದಕ್ಕೂ ನಡುವೆ ಎಷ್ಟು ಹೊತ್ತಾಯಿತು ಎಂದು ಕೇಳಿ, ಬ್ಯಾಂಕ್ ಖಾತೆ ಬದಲಾವಣೆಯ ಕೋರಿಕೆಯನ್ನು ಇಮೇಲ್ ನೋಡಿ ಒಪ್ಪುತ್ತೀರೋ, ಮೊದಲೇ ದಾಖಲಾಗಿರುವ ಸಂಖ್ಯೆಗೆ ಫೋನ್ ಮಾಡಿ ಒಪ್ಪುತ್ತೀರೋ ಎಂದು ಕೇಳಿ, ಎಂದರು ಮುಖ್ಯಸ್ಥೆ. ಎರಡನೆಯದು ನೇರವಾಗಿ ನಿರ್ದೇಶಕರ ವಿಭಾಗದ್ದೇ ಪ್ರಶ್ನೆ. ಅದಕ್ಕೆ ಅವರ ಬಳಿ ಸಿದ್ಧ ಉತ್ತರವಿರಲಿಲ್ಲ, ಬರೆದುಕೊಂಡರು. ನಕಲಿ ಪುಟದಲ್ಲಿ ಕೆಲಸವನ್ನೇ ಮಾಡದ ಭದ್ರತಾ ಕೀಲಿಗಳನ್ನು (ಲಾಗಿನ್‌ಗೆ ಬಳಸುವ ಪುಟ್ಟ ಸಾಧನಗಳನ್ನು) ಮೊದಲು ಲೆಕ್ಕಪತ್ರ ವಿಭಾಗಕ್ಕೇ ಕೊಡಿಸುವ ಪ್ರಸ್ತಾವ ಅವರ ಸಹಿಗಾಗಿ ಹೋಗಿದೆ. ಫೋನ್ ಮಾಡಿದ ಆ ಸಹೋದ್ಯೋಗಿಯನ್ನೇ ಅದರ ಪ್ರಯೋಗ ತಂಡಕ್ಕೆ ಸೇರಿಸಿಕೊಳ್ಳಬೇಕೆಂದು ಮುಖ್ಯಸ್ಥೆ ಸೂಚಿಸಿದ್ದಾರೆ. ಕಾರಣವನ್ನು ಮಾತ್ರ ಪ್ರಸ್ತಾವದಲ್ಲಿ ಬರೆದಿಲ್ಲ.