ಲೇಹ್‌ಗೆ ಯುವಿ ಮೀಟರ್ ಹಿಡಿದು ಹೊರಡುವವರಿಗೆ

ಎತ್ತರದ ಜಾಗದಲ್ಲಿ ಬಿಸಿಲಿನ ನೇರಳಾತೀತ ಕಿರಣ (ಯುವಿ) ಎಷ್ಟಿದೆ ಅಂತ ಅಳೆಯೋಕೆ ಬೆಂಗಳೂರಿನಿಂದ ಲೇಹ್‌ಗೆ ಹೋಗುವುದಾದರೆ ಜೂನ್ 21ರ ಆಸುಪಾಸಿನಲ್ಲೇ ಹೋಗಿ. ನಾವೂ ಅದಕ್ಕೇ ಆ ವಾರ ಹೋಗಿದ್ದು. ಎರಡೂ ಊರು ಹೆಚ್ಚುಕಮ್ಮಿ ಒಂದೇ ರೇಖಾಂಶದಲ್ಲಿವೆ, 77.6 ಡಿಗ್ರಿ ಪೂರ್ವ. ಹಾಗಾಗಿ ಸೂರ್ಯ ತೀರಾ ಮೇಲಕ್ಕೆ ಬರುವುದು ಎರಡೂ ಕಡೆ ಮಧ್ಯಾಹ್ನ 12:20 ದಾಟುತ್ತಿದ್ದಂತೆ. ಇನ್ನೂ ಚೆಂದದ ಸಂಗತಿ ಏನಂದ್ರೆ, ಆ ದಿನಗಳಲ್ಲಿ ಸೂರ್ಯ ಬೆಂಗಳೂರಿನ ನೆತ್ತಿಯಿಂದ ಸುಮಾರು 10.5 ಡಿಗ್ರಿ ಉತ್ತರಕ್ಕಿದ್ದರೆ, ಲೇಹ್‌ನಲ್ಲಿ ಹೆಚ್ಚುಕಮ್ಮಿ ಅಷ್ಟೇ ದಕ್ಷಿಣಕ್ಕಿರುತ್ತಾನೆ. ಬಿಸಿಲಿನ ಓರೆ ಒಂದೇ ಆದಾಗ, ಎತ್ತರದ ಪ್ರಭಾವ ಎದ್ದು ಕಾಣುತ್ತದೆ, ಅಲ್ವಾ?

ಅದಕ್ಕೇ ಹೊರಡುವ ಮೊದಲು ಅದೇ ಮೀಟರ್‌ನಲ್ಲಿ ಇಲ್ಲೊಂದು ಅಳತೆ ತೆಗೆದುಕೊಳ್ಳಲೇಬೇಕು. ಲಾಲ್‌ಬಾಗ್ ಬಂಡೆಯ ಮೇಲೆ ಆಕಾಶ ಪೂರ್ತಿ ಸಿಗುತ್ತದೆ. ಜೂನ್ ಮೋಡದ ತಿಂಗಳು, ಬಿಸಿಲು ಬಿಡುವವರೆಗೂ ಕಾಯಿರಿ.

ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಲೇಹ್ ಸುಮಾರು 3,500. ಸಾವಿರ ಮೀಟರ್ ಏರಿದರೆ ಯುವಿ ಶೇ. 10ರಿಂದ 12ರಷ್ಟು ಜಾಸ್ತಿಯಾಗುತ್ತದೆ. ಅಂದರೆ ಇಲ್ಲಿಗಿಂತ ಅಲ್ಲಿ ಕಾಲು ಭಾಗಕ್ಕೂ ಜಾಸ್ತಿ. ಗಾಳಿ ತಣ್ಣಗಿರುವುದರಿಂದ ಮೈಗೆ ಅದು ಗೊತ್ತೇ ಆಗುವುದಿಲ್ಲ. ಯುವಿ ಇಂಡೆಕ್ಸ್, ಅಂದರೆ ಯುವಿ ಎಷ್ಟು ತೀವ್ರ ಅಂತ ಹೇಳುವ ಅಂಕಿ, 11 ಮುಟ್ಟಿದರೆ ವಿಪರೀತ ಅಂತ ಲೆಕ್ಕ.

ಅಳೆಯುವಾಗ ಮೀಟರ್ ಸಮತಟ್ಟಾಗಿ, ಸೆನ್ಸರ್ ಆಕಾಶ ನೋಡುವಂತೆ ಇಡಿ. ನಿಮ್ಮ ನೆರಳು, ಟೋಪಿಯ ಅಂಚು ಅದರ ಮೇಲೆ ಬೀಳಬಾರದು. ಕಾರಿನ ಗಾಜಿನ ಹಿಂದೆ ಅಳೆದರೆ ಪ್ರಯೋಜನವಿಲ್ಲ, ಚರ್ಮ ಸುಡುವ ಯುವಿ-ಬಿ ಕಿರಣ ಗಾಜಿನಲ್ಲೇ ನಿಂತುಬಿಡುತ್ತದೆ. ಸನ್‌ಸ್ಕ್ರೀನ್ ಹಚ್ಚಿದ ಬೆರಳು ಸೆನ್ಸರ್‌ಗೆ ತಾಕಿದರೂ ಅಂಕಿ ಇಳಿಯುತ್ತದೆ; ಆ ಸಣ್ಣ ಬಿಳಿ ಗುಂಡಿಗೆ ಬರುವ ಕಿರಣವನ್ನೇ ಅದು ತಡೆಯುತ್ತೆ. ಶುಭ್ರವಾದ ಹತ್ತಿ ಬಟ್ಟೆಯಲ್ಲಿ ಒರೆಸಿಕೊಂಡೇ ಅಳೆಯಿರಿ.

ಲೇಹ್‌ಗೆ ಇಳಿದ ಮೊದಲೆರಡು ದಿನ, ಮೈ ಎತ್ತರಕ್ಕೆ ಒಗ್ಗುವವರೆಗೆ, ಸುಮ್ನೆ ವಿಶ್ರಾಂತಿ ತಗೊಳ್ಳಿ. ಪೋಸ್ಟ್‌ಪೇಯ್ಡ್ ಸಿಮ್ ಇರಲಿ. ವಿಮಾನದಲ್ಲಿ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು.

ಆಮೇಲೆ ಲೇಹ್‌ಗಿಂತಲೂ ಎತ್ತರದಲ್ಲಿರುವ ಖಾರ್ದುಂಗ್ ಲಾ ಎಂಬ ಬೆಟ್ಟದ ಕಣಿವೆದಾರಿಗೆ ಹೋಗಿ. ದಾರಿ ಬದಿಯಲ್ಲಿ ಹಿಮ ಸಿಕ್ಕರೆ ಸೆನ್ಸರ್ ಅನ್ನು ಕೆಳಮುಖವಾಗಿ ಹಿಡಿದು ನೋಡಿ. ಹೊಸ ಹಿಮ ಬಿದ್ದ ಯುವಿಯಲ್ಲಿ ಶೇ. 80ರವರೆಗೂ ವಾಪಸ್ ಎಸೆಯುತ್ತದೆ. ಮೂಗಿನ ಕೆಳಗೆ, ಗದ್ದದ ಅಡಿಗೆ ಸನ್‌ಸ್ಕ್ರೀನ್ ಹಚ್ಚಲು ಹೇಳುವುದು ಇದಕ್ಕೇ. ಬದಿಗಳೂ ಮುಚ್ಚುವಂಥ ಕಪ್ಪು ಕನ್ನಡಕ ಹಾಕಿಕೊಳ್ಳಿ, ಇಲ್ಲದಿದ್ದರೆ ರಾತ್ರಿ ಕಣ್ಣಿಗೆ ಮರಳು ಬಿದ್ದಂತೆ ಉರಿಯಬಹುದು. ಅಳತೆ ಬರೆದುಕೊಂಡು ಬೇಗ ಕೆಳಗಿಳಿಯಿರಿ, ಅಷ್ಟು ಎತ್ತರದಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಒಳ್ಳೆಯದಲ್ಲ.