ಶ್ರುತಿ ಸೇರದ ಮಕ್ಕಳು ಅನ್ನುವ ಮೊದಲು

ಶಿವಮೊಗ್ಗದ ಕಾಲೇಜಿನಲ್ಲಿ ಸಂಗೀತ ಪಾಠ ಮಾಡುತ್ತಾ, ಸಮೂಹ ಗಾಯನದ ತಂಡ ಕಟ್ಟುತ್ತಾ ನನ್ನ ನೌಕರಿಯ ಬಹುಪಾಲು ಕಳೆದಿದೆ. ಈ ಕೆಲಸಕ್ಕೆ ಹೊಸದಾಗಿ ಬಂದವರು ನನ್ನನ್ನು ಕೇಳುವುದು ಹೆಚ್ಚಾಗಿ ಒಂದೇ: "ಮೇಡಂ, ಒಳ್ಳೆ ದನಿಯ ಮಕ್ಕಳನ್ನ ಆರಿಸೋದು ಹೇಗೆ?" ದನಿ ಆಮೇಲೆ, ಮೊದಲು ಶ್ರುತಿ ಆರಿಸುವುದನ್ನು, ಅಂದರೆ ಹಾಡಿನ ಆಧಾರವಾದ ಷಡ್ಜವನ್ನು ("ಸ" ಸ್ವರವನ್ನು) ಎಷ್ಟು ಎತ್ತರದಲ್ಲಿ ಇಡಬೇಕು ಅನ್ನುವುದನ್ನು ಕಲಿಯಿರಿ ಅಂತ ನಾನು ಹೇಳುತ್ತೇನೆ. ಶ್ರುತಿ ಸೇರಲ್ಲ ಅಂತ ಪಕ್ಕಕ್ಕೆ ಕೂರಿಸಿದ ಮಕ್ಕಳಲ್ಲಿ ತುಂಬಾ ಜನಕ್ಕೆ ನಾವು ಕೊಟ್ಟ ಶ್ರುತಿಯೇ ಹೊಂದಿರುವುದಿಲ್ಲ.

ಹುಡುಗಿಯರು ಒಬ್ಬೊಬ್ಬರೇ ಹಾಡುವಾಗ ಐದು ಅಥವಾ ಐದೂವರೆ ಮನೆ ಶ್ರುತಿ ಇಟ್ಟುಕೊಳ್ಳುತ್ತಾರೆ (ಮನೆ ಅಂದರೆ ಹಾರ್ಮೋನಿಯಂನ ಕೀಲಿ; ಬಿಳಿಯವು ಒಂದರಿಂದ ಏಳು, ನಡುವಿನ ಕರಿಯವು ಒಂದೂವರೆ, ಎರಡೂವರೆ ಹೀಗೆ). ಹುಡುಗರು ಒಂದು, ಒಂದೂವರೆ, ಜಾಸ್ತಿ ಅಂದರೆ ಎರಡು. ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ಐದು ಮನೆಗೆ ಹಾಡಿಸಿದರೆ ಹುಡುಗರು ಮೇಲಿನ ಷಡ್ಜಕ್ಕೆ ಬರುವ ಹೊತ್ತಿಗೆ ಕಿರುಚುತ್ತಾರೆ. ಒಂದು ಮನೆಗೆ ಬದಲಾಯಿಸಿದರೆ ಹುಡುಗಿಯರು ಹಾಡು ಮೇಲೇರುವ ಚರಣದಲ್ಲಿ ಒದ್ದಾಡುತ್ತಾರೆ. ಹಾಗಾಗಿ ಶ್ರುತಿಯನ್ನು ಹಾಡುವವರನ್ನು ನೋಡಿ ಇಡಬಾರದು, ಹಾಡನ್ನು ನೋಡಿ ಇಡಬೇಕು. ಹಾಡಿನ ತೀರಾ ಕೆಳಗಿನ ಸ್ವರ ಯಾವುದು, ತೀರಾ ಮೇಲಿನದು ಯಾವುದು ಅಂತ ಮೊದಲು ಬರೆದುಕೊಳ್ಳಿ. ಆ ಕೆಳಗಿನ ಸ್ವರ ಆರನೇ ಮನೆಯ ಹತ್ತಿರ ಬರುವ ಹಾಗೆ ಇಟ್ಟರೆ ಹುಡುಗಿಯರಿಗೂ ಕಷ್ಟವಿಲ್ಲ, ಒಂದು ಸ್ಥಾಯಿ ಕೆಳಗೆ ಹಾಡುವ ಹುಡುಗರಿಗೂ ಕಷ್ಟವಿಲ್ಲ. ಮಂದ್ರ ಪಂಚಮದಿಂದ (ಕೆಳಗಿನ "ಪ") ತಾರ ಷಡ್ಜದವರೆಗೆ (ಮೇಲಿನ "ಸ") ಓಡಾಡುವ ಹಾಡಾದರೆ ಎರಡು ಮನೆ ಸರಿಹೋಗುತ್ತದೆ. ಮಧ್ಯ ಷಡ್ಜದಿಂದ (ನಡುವಿನ "ಸ") ಕೆಳಗೇ ಇಳಿಯದೆ ತಾರ ಮಧ್ಯಮ (ಮೇಲಿನ "ಮ") ಮುಟ್ಟುವ ಹಾಡಾದರೆ ಆರು ಮನೆ.

ಇದಕ್ಕೂ ಬಗ್ಗದ ಹಾಡುಗಳಿರುತ್ತವೆ. ಕೆಳಗೂ ಹೋಗುತ್ತವೆ, ಮೇಲೂ ಹೋಗುತ್ತವೆ. ಅಂಥ ಹಾಡನ್ನು ನಮ್ಮ ಊರಿನ ಪದ್ಧತಿಯಂತೆ ಹಂಚಿಬಿಡುತ್ತೇನೆ. ದೀಪಾವಳಿಯಲ್ಲಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಮನೆ ಮನೆಗೆ ಬರುತ್ತಾರಲ್ಲ, ಅವರಲ್ಲಿ ಎಲ್ಲರೂ ಎಲ್ಲಾ ಸಾಲನ್ನೂ ಹಾಡುವುದಿಲ್ಲ. ಮುಂದಿನವರು ಹೇಳಿದ್ದನ್ನು ಹಿಂದಿನವರು ಎತ್ತಿಕೊಳ್ಳುತ್ತಾರೆ. ಮದುವೆ ಮನೆಯ ಸೋಬಾನೆಯಲ್ಲೂ ಅಷ್ಟೇ. ಹಾಡು ನಿಲ್ಲುವುದಿಲ್ಲ, ಯಾರಿಗೂ ಉಸಿರು ಕಟ್ಟುವುದಿಲ್ಲ. ತೀರ್ಥಹಳ್ಳಿ, ಹೊಸನಗರ ಕಡೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳುವುದೇ ಬೇಕಾಗಿಲ್ಲ, ಮನೆಯಲ್ಲೇ ಕೇಳಿರುತ್ತಾರೆ.

ಹೊಸನಗರ ಕಡೆಯ ಒಬ್ಬ ಬಿಕಾಂ ಹುಡುಗನ ವಿಷಯ ಹೇಳಲೇಬೇಕು. ಹೈಸ್ಕೂಲಿನಲ್ಲಿ ಅವನಿಗೆ "ನೀನು ಸುಮ್ನೆ ಬಾಯಿ ಆಡಿಸು" ಅಂದಿದ್ದರಂತೆ. ಅಂದಿನಿಂದ ಹಾಗೇ ಆಡಿಸಿಕೊಂಡು ಬಂದಿದ್ದ. ನಾನು ಷಡ್ಜ ಕೊಟ್ಟು ಹಾಡು ಅಂದೆ. ಅದಕ್ಕಿಂತ ಎಷ್ಟೋ ಕೆಳಗೆ, ಬೇರೆಯೇ ಸ್ವರದಲ್ಲಿ "ಆ" ಅಂದ. ಇನ್ನೊಮ್ಮೆ ಕೊಟ್ಟೆ. ಮತ್ತೆ ಅದೇ ಸ್ವರ. ಹಾರ್ಮೋನಿಯಂ ಮೇಲೆ ಕೈ ಓಡಿಸಿ ಅವನ ಸ್ವರ ಯಾವ ಮನೆಯಲ್ಲಿದೆ ಅಂತ ಹುಡುಕಿ ಅದನ್ನೇ ಒತ್ತಿ ಹಿಡಿದೆ. ಅವನ ದನಿ, ಪೆಟ್ಟಿಗೆಯ ದನಿ ಎರಡೂ ಒಂದಾದವು. ಅವನಿಗೂ ಅದು ಗೊತ್ತಾಯಿತು, ಮುಖದಲ್ಲೇ ಕಂಡಿತು. "ಅಲ್ಲ ಮಾರಾಯ, ನಿನ್ನ ಸ್ವರ ಅಲುಗಾಡ್ತಾನೇ ಇಲ್ವಲ್ಲ! ಯಾರು ಹೇಳಿದ್ದು ನಿಂಗೆ ಶ್ರುತಿ ಇಲ್ಲ ಅಂತ?" ಅಂದೆ. ಅಲ್ಲಿಂದ ಪಕ್ಕದ ಮನೆ, ಅದರ ಪಕ್ಕದ್ದು, ಹೀಗೆ ಒಂದೊಂದೇ ಹತ್ತಿಸಿದೆ. ಎಡವಿದಾಗ ಅವನ ಮೊದಲ ಸ್ವರಕ್ಕೇ ವಾಪಸ್ ಕರೆದುಕೊಂಡು ಬಂದು ಮತ್ತೆ ಶುರು. ಆ ವರ್ಷವೇ ಅವನು ತಂಡದಲ್ಲಿ ಕೆಳಗಿನ ಷಡ್ಜ ಹಿಡಿದು ನಿಲ್ಲುವವನಾದ. ಮಗು ನಮ್ಮ ಸ್ವರಕ್ಕೆ ಬರಲಿ ಅಂತ ಕಾಯುವ ಬದಲು ನಾವೇ ಮೊದಲು ಅದರ ಸ್ವರಕ್ಕೆ ಹೋಗಬೇಕು. ಹಾರ್ಮೋನಿಯಂ ಎದುರಿಗೇ ಇರುತ್ತದಲ್ವಾ, ಸ್ವಲ್ಪ ಸಮಯ ಕೊಟ್ಟರೆ ಸಾಕು.

ಎಲ್ಲಿ ನಿಲ್ಲಿಸುತ್ತೇವೆ ಅನ್ನುವುದೂ ಅಷ್ಟೇ ಮುಖ್ಯ. ಎತ್ತರ ನೋಡಿ ಸಾಲು ಮಾಡುವುದು ಫೋಟೋಗೆ ಚೆಂದ. ನಾನು ಗಟ್ಟಿ ಶ್ರುತಿಯವರನ್ನು ಹಿಂದಿನ ಸಾಲಿಗೆ ಹಾಕಿ, ಅಳುಕುವವರನ್ನು ಅವರ ಮುಂದೆ ನಿಲ್ಲಿಸುತ್ತೇನೆ. ಹಿಂದಿನಿಂದ ಬರುವ ಸರಿಯಾದ ಸ್ವರ ಕಿವಿಗೆ ಬೀಳುತ್ತಲೇ ಇರುತ್ತದೆ, ಅದನ್ನು ಹಿಡಿದುಕೊಂಡು ಹೋಗುತ್ತಾರೆ. ಮಧ್ಯೆ ಒಂದು ಮೊಳ ಜಾಗವೂ ಬೇಕು. ತೀರಾ ಒತ್ತಿಕೊಂಡು ನಿಂತರೆ ತನ್ನ ದನಿ ತನಗೇ ಕೇಳುವುದಿಲ್ಲ. ಆಗ ಎಲ್ಲರೂ ಜೋರು ಮಾಡುತ್ತಾರೆ, ಜೋರು ಮಾಡಿದಷ್ಟೂ ಶ್ರುತಿ ಕೆಡುತ್ತದೆ.

ಮಳೆಗಾಲದ ಅಭ್ಯಾಸ ಬೇರೆಯೇ ಕಥೆ. ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ನನ್ನ ಮಾತು ಎರಡನೇ ಸಾಲಿಗೂ ತಲುಪುವುದಿಲ್ಲ. ಥಂಡಿಗೆ ತಬಲಾದ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ, ಗಟ್ಟೆಗಳನ್ನು ಬಡಿದು ಬಡಿದು ಏರಿಸಬೇಕು. ಅಂಥ ದಿನ ವಾದ್ಯಗಳನ್ನು ಮುಚ್ಚಿಟ್ಟು ಮಕ್ಕಳನ್ನು ನಾಲ್ಕು ನಾಲ್ಕು ಜನರ ಗುಂಪು ಮಾಡಿ ತಲೆಗೆ ತಲೆ ಹತ್ತಿರ ತಂದು ಮೆಲ್ಲಗೆ ಹಾಡಿಸುತ್ತೇನೆ. ಮೆಲ್ಲಗೆ ಹಾಡುವಾಗ ಪಕ್ಕದವರನ್ನು ಕೇಳಲೇಬೇಕಾಗುತ್ತದೆ. ವರ್ಷದಲ್ಲಿ ನಮ್ಮ ತಂಡದ ಕಿವಿ ಜಾಸ್ತಿ ತಯಾರಾಗುವುದು ಆ ತಿಂಗಳುಗಳಲ್ಲೇ.

ಸಾಹಿತ್ಯ ಸ್ಪಷ್ಟವಾಗಿ ಕೇಳಬೇಕು ಅನ್ನುವುದರಲ್ಲಿ ನಾನು ಸ್ವಲ್ಪವೂ ಬಿಟ್ಟುಕೊಡುವುದಿಲ್ಲ. ಇಷ್ಟೊಂದು ಜನ ಒಟ್ಟಿಗೆ "ಸ" ಅಂದರೆ ಹಾವು ಬುಸುಗುಟ್ಟಿದ ಹಾಗಿರುತ್ತದೆ, ಎಲ್ಲರೂ ಅದನ್ನು ಒಂದೇ ಕ್ಷಣದಲ್ಲಿ ಮುಟ್ಟಿ ಬಿಟ್ಟುಬಿಡಬೇಕು. ದನಿ ನಿಲ್ಲಬೇಕಾದದ್ದು ಸ್ವರಾಕ್ಷರದ ಮೇಲೆ. ಕನ್ನಡದ ಪದಗಳು ಹೆಚ್ಚಾಗಿ ಅ, ಇ, ಉ ಥರದ ಸ್ವರಾಕ್ಷರದಲ್ಲೇ ಮುಗಿಯುವುದರಿಂದ ನಮಗೆ ಇದು ಸುಲಭ. ಊರಿನಿಂದ ಸ್ವಲ್ಪವೇ ದೂರ, ತುಂಗೆಯ ದಡದ ಹೊಸಹಳ್ಳಿ ಗಮಕಕ್ಕೆ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಗೆ, ಹೆಸರಾದ ಊರು. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಿತ್ತು. ಗಮಕ ಒಬ್ಬರೇ ಹಾಡುವ ಕಲೆ ನಿಜ. ಆದರೂ ನನ್ನ ಮಕ್ಕಳಿಗೆ ಹೋಗಿ ಕೇಳಿ ಬನ್ನಿ ಅನ್ನುತ್ತೇನೆ. ಪದ ಎಲ್ಲಿ ಒಡೆಯಬಾರದು, ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅಂತ ಕಿವಿಗೆ ತಾನಾಗಿ ತಿಳಿಯುತ್ತದೆ.

ನಾಡಗೀತೆಯನ್ನು ನಾವು ಬರೀ ಕಾರ್ಯಕ್ರಮದ ಶಾಸ್ತ್ರ ಮಾಡಿಕೊಂಡಿದ್ದೇವೆ. ಕುವೆಂಪು ಬೆಳೆದ ಜಿಲ್ಲೆ ಇದು, ನನಗೆ ಬೇಜಾರಾಗುತ್ತದೆ. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು ಅಂತ 2022ರಲ್ಲಿ ಸರ್ಕಾರವೇ ಆದೇಶ ಮಾಡಿದೆ. ಆದರೆ ಎಷ್ಟೋ ಕಡೆ ಮೈಕ್ ಮುಂದೆ ನಿಂತವರು ತಮಗೆ ತೋಚಿದ ಶ್ರುತಿಯಲ್ಲಿ ಎತ್ತಿಬಿಡುತ್ತಾರೆ. ಮಧ್ಯಕ್ಕೆ ಬರುವಾಗ ಅರ್ಧ ಸಭೆ ಬಾಯಿ ಮುಚ್ಚಿರುತ್ತದೆ. ಅವರಿಗೆ ಹಾಡಲು ಮನಸ್ಸಿಲ್ಲ ಅಂತಲ್ಲ, ದನಿ ಅಲ್ಲಿಗೆ ಏರುವುದಿಲ್ಲ. ಮೊಬೈಲಿನ ತಂಬೂರಿ ಆ್ಯಪ್ ಹಾಕಿ, ಮೇಲಿನ ಲೆಕ್ಕದಂತೆ ಶ್ರುತಿ ಇಟ್ಟು, ಸಭೆಗೆ ಹತ್ತು ಸೆಕೆಂಡು ಕೇಳಿಸಿ ಆಮೇಲೆ ಶುರು ಮಾಡಿ. ಖರ್ಚೇನೂ ಇಲ್ಲ.

ಇನ್ನು ಯುವಜನೋತ್ಸವದ ಸ್ಪರ್ಧೆ. ವಿಶ್ವವಿದ್ಯಾಲಯಗಳ ಯುವಜನೋತ್ಸವದಲ್ಲಿ ಸಮೂಹ ಗಾಯನಕ್ಕೆ ಬಿಡುವುದು 6 ಗಾಯಕರನ್ನು ಮಾತ್ರ. ಎಲ್ಲರ ಕಣ್ಣು ತಂಡದ ಒಳ್ಳೊಳ್ಳೆ ಹಾಡುಗಾರರ ಮೇಲೆ ಬೀಳುತ್ತದೆ. ಒಬ್ಬರೇ ಹಾಡಿ ಬಹುಮಾನ ತಂದವರನ್ನು ಆರು ಜನ ಸೇರಿಸಿದರೆ ಆರು ಹಾಡು ಕೇಳುತ್ತದೆ. ಪ್ರತಿಯೊಬ್ಬರೂ ಸ್ವರಕ್ಕೆ ತಮ್ಮದೊಂದು ಬಳುಕು, ತಮ್ಮದೊಂದು ಜಾರು ಸೇರಿಸುತ್ತಾರೆ. ನಾನು ಆರಾರು ಜನರನ್ನು ಬದಲಾಯಿಸಿ ಬದಲಾಯಿಸಿ ನಿಲ್ಲಿಸಿ, ಕಣ್ಣು ಮುಚ್ಚಿಕೊಂಡು ಕೇಳುತ್ತೇನೆ. ಯಾರ ದನಿ ಯಾರದು ಅಂತ ಗುರುತು ಸಿಗದ ಗುಂಪು ಸಿಕ್ಕಿತೋ, ಅದೇ ತಂಡ. ಉಳಿದವರನ್ನು ಮನೆಗೆ ಕಳಿಸುವುದಿಲ್ಲ. ಅಭ್ಯಾಸ ಎಲ್ಲರಿಗೂ ಒಂದೇ. ಸಂಜೆ ಸಾಗರದ ಬಸ್ಸು, ತೀರ್ಥಹಳ್ಳಿಯ ಬಸ್ಸು ತಪ್ಪದ ಹಾಗೆ ಬಿಡುತ್ತೇನೆ. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಅಷ್ಟೂ ಮಕ್ಕಳು ವೇದಿಕೆ ಹತ್ತುತ್ತಾರೆ.