ಆಲೂಗಡ್ಡೆ ಚಿಪ್ಸ್ ಸಿಗದ ಪಬ್

ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಗೆಳೆಯನ ಮನೆಗೆ ಹೋಗಿದ್ದೆ. ಒಂದು ಭಾನುವಾರ "ಬಾರೋ, ಹಳೇ ಪಬ್ ಒಂದು ತೋರಿಸ್ತೀನಿ" ಅಂತ ವೂಸ್ಟರ್‌ಶೈರ್‌ನ ಬ್ರೆಟ್‌ಫೋರ್ಟನ್ ಹಳ್ಳಿಗೆ ಕರೆದುಕೊಂಡು ಹೋದ. ಪಬ್ಬಿನ ಹೆಸರು ಫ್ಲೀಸ್ ಇನ್. ನಾನು ಕುಡಿಯುವವನಲ್ಲ, ಸುಮ್ನೆ ಕಟ್ಟಡ ನೋಡೋಣ ಅಂತ ಹೊರಟೆ.

ಕಪ್ಪು ಮರದ ಚೌಕಟ್ಟು, ನಡುವೆ ಬಿಳಿ ಗೋಡೆ. ಒಂದು ಗೆರೆಯೂ ನೆಟ್ಟಗಿಲ್ಲ. ಮೇಸ್ತ್ರಿ ಕುಡಿದೇ ಕಟ್ಟಿರಬೇಕು ಅಂತ ನಕ್ಕೆ. ಹಾಗಲ್ಲವಂತೆ. ಆಗಿನ ಬಡಗಿಗಳು ಓಕ್ ಮರವನ್ನು ಹಸಿ ಇರುವಾಗಲೇ ಕೊಯ್ದು ಕೂರಿಸುತ್ತಿದ್ದರು, ಯಾಕೆಂದರೆ ಒಣಗಿದ ಓಕ್‌ಗೆ ಉಳಿ ಅಷ್ಟು ಸುಲಭವಾಗಿ ಇಳಿಯುವುದಿಲ್ಲ, ಆಮೇಲೆ ಅದು ನಿಂತಲ್ಲೇ ಒಣಗುತ್ತಾ ಸೊಟ್ಟಗಾಗುತ್ತಾ ಮರದ ಬೆಣೆಗಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇಂಥ ಮನೆಗಳ ಗೋಡೆಗೆ ಕಡ್ಡಿ ಹೆಣೆದು, ಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತುತ್ತಿದ್ದರು. ಸಗಣಿ ಅಂದ ಕೂಡಲೇ ಅರ್ಧ ಪರಿಚಯದ ಮನೆ ಅನ್ನಿಸಿತು.

ಒಳಗೆ ಕಾಲಿಡುವಾಗಲೇ ತೊಲೆಗೆ ಹಣೆ ಚಚ್ಚಿಕೊಂಡೆ, ಅದು ಬೇರೆ ಮಾತು.

ಇದು 15ನೇ ಶತಮಾನದ ರೈತರ ಮನೆ. ಬರ್ಡ್ ಮನೆತನದ್ದು. ಜನ, ದನ ಎಲ್ಲ ಒಂದೇ ಸೂರಿನಡಿ. 1848ರಲ್ಲಿ ಪಬ್ ಆಯಿತು. ಆದರೆ ಪಬ್ ಅಂತ ಅನ್ನಿಸುವುದೇ ಇಲ್ಲ, ಯಾರದೋ ಮನೆಯ ಕೋಣೆಯಿಂದ ಕೋಣೆಗೆ ನುಗ್ಗುತ್ತಿದ್ದೇವೆ ಅನ್ನುವ ಸಂಕೋಚ. ನೆಲಕ್ಕೆ ಸವೆದ ಕಲ್ಲುಚಪ್ಪಡಿ. ಒಂದು ಕೋಣೆಯಲ್ಲಿ ಹಳೆಯ ಪ್ಯೂಟರ್ (ತವರದ ಮಿಶ್ರಲೋಹ) ತಟ್ಟೆಗಳನ್ನು ಸಾಲಾಗಿ ಜೋಡಿಸಿದ್ದಾರೆ. ನಾನು ಜಾಸ್ತಿ ಹೊತ್ತು ನಿಂತಿದ್ದು ಬೆಂಕಿಗೂಡಿನ ಮುಂದೆ. ಅಲ್ಲಿ ನೆಲದ ಮೇಲೆ ಬಿಳಿ ಸುತ್ತುಗಳು. ಚಿಮಣಿಯಿಂದ ಇಳಿದು ಬರುವ ಮಾಟಗಾತಿಯರು ಮನೆಯೊಳಗೆ ಕಾಲಿಡದಿರಲಿ ಅಂತ ಬರೆಯುತ್ತಿದ್ದರಂತೆ. ನಮ್ಮಲ್ಲಿ ಹೊಸಿಲ ಮುಂದೆ ಬರೆದು ಲಕ್ಷ್ಮಿಯನ್ನು ಕರೆಯುತ್ತೇವೆ, ಇವರು ಒಲೆಯ ಮುಂದೆ ಬರೆದು ಬರಬೇಡ ಅನ್ನುತ್ತಾರೆ. ಎರಡಕ್ಕೂ ಬಿಳಿಯೇ ಬೇಕು ನೋಡಿ.

ಚಿಮಣಿಯಿಂದ ಬಂದ ನಿಜವಾದ ಅಪಾಯ ಬೇರೆ. 2004ರಲ್ಲಿ ಕಿಡಿ ಹಾರಿ ಹುಲ್ಲಿನ ಚಾವಣಿಗೆ ಬೆಂಕಿ ಬಿತ್ತು. ಊರಿನವರು ಒಳಗಿನ ಹಳೇ ಸಾಮಾನುಗಳನ್ನು ಹೊರಗೆ ಸಾಗಿಸಿ ಉಳಿಸಿದರು. ಮಹಡಿ ಸುಟ್ಟಿತ್ತು, ಮತ್ತೆ ಕಟ್ಟಿದರು.

ಹಸಿವಾಗಿತ್ತು. ಕೌಂಟರಿನಲ್ಲಿ ಒಂದು ಪ್ಯಾಕೆಟ್ ಚಿಪ್ಸ್ ಕೇಳಿದೆ. ಇಲ್ಲ ಅಂದರು. ಗೆಳೆಯ ನಗತೊಡಗಿದ. ಬರ್ಡ್ ವಂಶದ ಕೊನೆಯ ಒಡತಿ ಲೋಲಾ ಟ್ಯಾಪ್ಲಿನ್ 1977ರಲ್ಲಿ ತೀರಿಕೊಂಡಾಗ ಪಬ್ಬನ್ನು ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್‌ಗೆ ಬಿಟ್ಟುಹೋದರು, ಜೊತೆಗೆ ಇಲ್ಲಿ ಆಲೂಗಡ್ಡೆ ಚಿಪ್ಸ್ ಮಾರಬಾರದು ಅನ್ನುವ ಷರತ್ತನ್ನೂ.

ಕಾರಿನಲ್ಲಿ ಅಮ್ಮ ಕಟ್ಟಿಕೊಟ್ಟ ಕೋಡುಬಳೆ ಇತ್ತು. "ಕೋಡುಬಳೆ ಬೇಡ ಅಂತ ಆಯಮ್ಮ ಎಲ್ಲೂ ಹೇಳಿಲ್ಲ ಅಲ್ವಾ?" ಅಂದೆ. ಆದರೂ ಒಳಗೆ ತರುವ ಧೈರ್ಯ ಬರಲಿಲ್ಲ, ಹೊರಗೆ ಕಾರಿನಲ್ಲೇ ಕೂತು ತಿಂದೆವು.